ಎರಡನೆಯ ಅಕ್ಷರಾಭ್ಯಾಸ



ನಮ್ಮ ಕಡೆ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಹರಿವಾಣದಲ್ಲಿ ಅಕ್ಕಿ ಹರಡಿ, ಹಿರಿಯರೊಬ್ಬರು ಮಗುವಿನ ಬೆರಳು ಹಿಡಿದು ಮೊದಲ ಅಕ್ಷರವನ್ನು ಬರೆಯಿಸುವುದು ವಾಡಿಕೆ. ಬಲ ಹಿರಿಯರದು, ಆದರೆ ಅಕ್ಕಿಯ ಮೇಲೆ ಮೂಡುವ ಗೆರೆ ಮಗುವಿನ ಬೆರಳಿನದು. ಹಿರಿಯರು ತಮ್ಮ ಬೆರಳಿನಿಂದಲೇ ಬರೆದು, 'ಆಯಿತು, ಇವನಿಗೆ ಅಕ್ಷರ ಬಂತು' ಎಂದು ಎದ್ದುಹೋದರೆ ಅದನ್ನು ಯಾರೂ ಅಕ್ಷರಾಭ್ಯಾಸವೆನ್ನುವುದಿಲ್ಲ. ಪಿ.ಯು.ಸಿ. ಮುಗಿಸಿ ಪದವಿ ತರಗತಿಗೆ ಕಾಲಿಡುವ ವಿದ್ಯಾರ್ಥಿಗೆ ಈಗ ಗಣಕಯಂತ್ರದ ಮುಂದೆ ಎರಡನೆಯ ಅಕ್ಷರಾಭ್ಯಾಸವೊಂದು ನಡೆಯುತ್ತದೆ. ಅಲ್ಲಿ ಎಷ್ಟೋ ಮಕ್ಕಳ ಬೆರಳು ಅಕ್ಕಿಯನ್ನು ಮುಟ್ಟುವುದೇ ಇಲ್ಲ. ನನಗೆ ಇದು ಮನದಟ್ಟಾದದ್ದು ಅಧ್ಯಾಪಕನಾಗಿದ್ದಾಗ ಅಲ್ಲ, ನಿವೃತ್ತನಾಗಿ ಆಲೆಟ್ಟಿಯ ಮನೆಯಲ್ಲಿ ಕುಳಿತ ಮೇಲೆ.

2024ರ ಡಿಸೆಂಬರಿನ ಒಂದು ಸಂಜೆ. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ರಾಶಿಮಾಡುತ್ತಿದ್ದ ಹೊತ್ತಿಗೆ ನೆರೆಯ ಕೃಷಿಕರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪದವಿಯ ಮೊದಲ ವರ್ಷದಲ್ಲಿದ್ದಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು.

"ನಾಳೆ ಪರೀಕ್ಷೆ ಅರ್ಜಿಗೆ ಕಡೇ ದಿನ ಅಂತೆ ಮಾಷ್ಟ್ರೇ. ಇವಳ ಮೊಬೈಲಿಗೆ ಒ.ಟಿ.ಪಿ. ಬರುದೇ ಇಲ್ಲ," ಎಂದರು ತಂದೆ.

ಬರುವುದಾದರೂ ಹೇಗೆ? ನಾಲ್ಕು ಪ್ರಶ್ನೆ ಕೇಳಿದ ಮೇಲೆ ಕಥೆ ಬಿಚ್ಚಿಕೊಂಡಿತು. ಜೂನ್ ತಿಂಗಳಲ್ಲಿ ಪ್ರವೇಶದ ಅರ್ಜಿ ತುಂಬಿಸಿದ್ದು ಪೇಟೆಯ ಒಂದು ಅಂಗಡಿಯಲ್ಲಿ. ಆಗ ಹುಡುಗಿಗೆ ಸ್ವಂತ ಮೊಬೈಲು ಇರಲಿಲ್ಲ. ತಂದೆಯ ಹಳೆಯ ಮೊಬೈಲಿಗೆ ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಸೋದರಮಾವನ ಸಂಖ್ಯೆಯನ್ನು ಕೊಟ್ಟರು. ಮಾವ ಬಂದ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿದ. ಇ-ಮೇಲ್ ವಿಳಾಸ ಅಂಗಡಿಯವನದು. ಗುಪ್ತಪದ ಒಂದು ಚೀಟಿಯಲ್ಲಿತ್ತು. ಚೀಟಿ ಯಾವುದೋ ಪುಸ್ತಕದಲ್ಲಿತ್ತು. ಆಮೇಲೆ ಮಾವ ಆ ಸಿಮ್ಮನ್ನು ಬಿಟ್ಟು ಬೇರೆಯದನ್ನು ಹಿಡಿದ. ಕೈಬಿಟ್ಟ ಸಂಖ್ಯೆಯನ್ನು ಕಂಪನಿಗಳು 90 ದಿನಗಳ ತನಕ ಬೇರೊಬ್ಬರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ನಾನು ಆ ಸಂಖ್ಯೆಗೆ ಕರೆಮಾಡಿದಾಗ ಅಪರಿಚಿತ ದನಿಯೊಂದು ಹಿಂದಿಯಲ್ಲಿ 'ಯಾರು ಬೇಕು' ಎಂದು ಕೇಳಿತು. ಆಲೆಟ್ಟಿಯ ಹುಡುಗಿಯ ಪರೀಕ್ಷೆಯ ಕೀಲಿಕೈ ಅವಳು ಎಂದೂ ಕಾಣದ ಯಾರದೋ ಜೇಬಿನಲ್ಲಿತ್ತು!

ಹಿಂದೆ ತಾಲೂಕು ಕಚೇರಿಗಳ ಎದುರು ಮರದಡಿಯಲ್ಲಿ ಅರ್ಜಿ ಬರೆಯುವವರು ಕುಳಿತಿರುತ್ತಿದ್ದುದು ಹಿರಿಯ ಶ್ರೋತೃಗಳಿಗೆ ನೆನಪಿರಬಹುದು. ನಮ್ಮ ತಂದೆಯವರೊಂದಿಗೆ ಹೋದಾಗ ನಾನೂ ನೋಡಿದ್ದೇನೆ. ಆತ ಅರ್ಜಿ ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೇಳಿ, 'ಸರಿ' ಎಂದ ಬಳಿಕವೇ ಹೆಬ್ಬೆಟ್ಟು. ಅಕ್ಷರ ಬಾರದವನಿಗೂ ತನ್ನ ಹೆಸರಿನಲ್ಲಿ ಏನು ಹೋಗುತ್ತಿದೆ ಎಂಬುದು ಕಿವಿಗಾದರೂ ತಿಳಿಯುತ್ತಿತ್ತು. ಇಂದಿನ ಅಂಗಡಿಯಲ್ಲಿ ಸಾಲು ಉದ್ದ, ಸಮಯ ಕಡಿಮೆ. ಓದಿ ಹೇಳುವ ಪದ್ಧತಿಯೇ ಇಲ್ಲ. ಅಂಗಡಿಯವನನ್ನು ನಾನು ದೂರುವುದಿಲ್ಲ. ಅವನು ಹೊಟ್ಟೆಪಾಡಿಗೆ ದಿನಕ್ಕೆ ನೂರು ಅರ್ಜಿ ತುಂಬುವವನು. ಪಿ.ಯು.ಸಿ. ತೇರ್ಗಡೆಯಾದ ಹುಡುಗಿ ತನ್ನದೇ ಅರ್ಜಿಗೆ ಹೆಬ್ಬೆಟ್ಟಿನವಳಾಗಿ ನಿಂತದ್ದು ಮಾತ್ರ ನನಗೆ ಸಂಕಟವಾಯಿತು.

ಮರುದಿನ ಬೆಳಗ್ಗೆ ನಾವು ಮೂವರೂ ಕಾಲೇಜಿನ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತೆ ಒಬ್ಬರು ಆಧಾರ್, ಅಂಕಪಟ್ಟಿ ಎಲ್ಲ ನೋಡಿ, ಒಂದಿಷ್ಟು ಬೈದು, ಸಂಖ್ಯೆಯನ್ನು ಬದಲಿಸುವ ದಾರಿ ಮಾಡಿಕೊಟ್ಟರು. ಅರ್ಜಿ ಹೋಯಿತು. ಆದರೆ ಆ ಒಂದು ರಾತ್ರಿ ಅವರ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಹಳದಿ ಎಲೆ ರೋಗ ಬಡಿದ ತೋಟದ ಮನೆಗಳಲ್ಲಿ ಮಗಳ ಒಂದು ವರ್ಷ ಎಂದರೆ ಏನು ಎಂಬುದನ್ನು ಸುಳ್ಯದವರಿಗೆ ನಾನು ವಿವರಿಸಬೇಕಾಗಿಲ್ಲ.

ನಾನು ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದಲು ಸೇರಿದ ಕಾಲಕ್ಕೆ ಮಂಗಳೂರು ವಿಶ್ವವಿದ್ಯಾನಿಲಯ ಇನ್ನೂ ಎಳೆಯದು. ಅದು ಸ್ಥಾಪನೆಯಾದದ್ದು 1980ರಲ್ಲಿ. ಅರ್ಜಿ ಎಂದರೆ ಒಂದು ಹಾಳೆ. ಶಾಯಿಯ ಪೆನ್ನಿನಿಂದ ತುಂಬಿ, ಕೊಣಾಜೆಯ ಗುಡ್ಡ ಹತ್ತಿ, ಕಿಟಕಿಯೊಳಗೆ ಚಾಚಿದರೆ ಮುಗಿಯಿತು. ಈಗ ಹಾಗಲ್ಲ. 2021-22ನೆಯ ಸಾಲಿನಿಂದ ರಾಜ್ಯದ ಪದವಿ ವಿದ್ಯಾರ್ಥಿಗಳು 'ಏಕೀಕೃತ ವಿಶ್ವವಿದ್ಯಾನಿಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ' ಎಂಬ ಉದ್ದ ಹೆಸರಿನ ಅಂತರ್ಜಾಲ ವ್ಯವಸ್ಥೆಯೊಳಗೆ ಬಂದರು. ಮಕ್ಕಳು ಅದನ್ನು ಅದರ ಆಂಗ್ಲ ಮೊದಲಕ್ಷರಗಳಿಂದ ಯು.ಯು.ಸಿ.ಎಂ.ಎಸ್. ಎನ್ನುತ್ತಾರೆ. ಪ್ರವೇಶ, ಪರೀಕ್ಷೆಯ ಅರ್ಜಿ, ಫಲಿತಾಂಶ ಎಲ್ಲದರ ಬಾಗಿಲೂ ಅಲ್ಲಿಯೇ. ವಿದ್ಯಾರ್ಥಿವೇತನಕ್ಕೆ ಬೇರೆ ಬಾಗಿಲು. ಅಲ್ಲಿ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ ಬೇಕು, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಅಂಕಪಟ್ಟಿಗಳನ್ನು ಇರಿಸಿಕೊಳ್ಳಲು ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್ ಇದೆ. ಮೂರು ಬಾಗಿಲಿಗೂ ಬೀಗ ಬೇರೆ ಬೇರೆ. ಆದರೆ ಮೂರನ್ನೂ ತೆರೆಯಲು ಕೊನೆಗೆ ಬೇಕಾಗುವುದು ಎರಡೇ ವಸ್ತು: ನಿಮ್ಮದೇ ಆದ ಮೊಬೈಲ್ ಸಂಖ್ಯೆ, ನಿಮ್ಮದೇ ಆದ ಇ-ಮೇಲ್ ವಿಳಾಸ.

ಆದ್ದರಿಂದ ಈ ವರ್ಷ ಕಾಲೇಜಿಗೆ ಹೊರಟವರು ಯಾರಾದರೂ ಕೇಳುತ್ತಿದ್ದರೆ ನನ್ನ ಮಾತು ಇಷ್ಟು. ಪ್ರವೇಶದ ಅರ್ಜಿಗೆ ಮುಂಚೆಯೇ, ಒಂದು ಬಿಡುವಿನ ಮಧ್ಯಾಹ್ನ, ಇ-ಮೇಲ್ ವಿಳಾಸವನ್ನು ನೀವೇ ಕುಳಿತು ಮಾಡಿಕೊಳ್ಳಿ. ಅದರಲ್ಲಿ ನಿಮ್ಮ ಹೆಸರು ಕಾಣಲಿ. ಸಿನಿಮಾ ನಟನ ಹೆಸರು, 'ಕೂಲ್' ಮುಂತಾದ ವಿಶೇಷಣಗಳು ಬೇಡ. ಐದು ವರ್ಷಗಳ ಬಳಿಕ ಅದೇ ವಿಳಾಸದಿಂದ ಕೆಲಸಕ್ಕೆ ಅರ್ಜಿ ಹೋಗಬೇಕಾದೀತು. ಗುಪ್ತಪದ ಉದ್ದವಾಗಿರಲಿ, ಹುಟ್ಟಿದ ದಿನಾಂಕವಂತೂ ಬೇಡವೇ ಬೇಡ. ಅದನ್ನು ಬರೆದಿಡಬಾರದೆಂದು ಹೇಳುವವರಿದ್ದಾರೆ. ನನ್ನ ನೆನಪಿನ ಶಕ್ತಿಗೆ ಆ ನಿಯಮ ಒಗ್ಗಲಿಲ್ಲ. ಮನೆಯ ಕಪಾಟಿನಲ್ಲಿ, ಭೂಮಿಯ ದಾಖಲೆಗಳ ಜತೆಗೆ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಂಗಡಿಯ ಚೀಟಿಗಿಂತ ಅದು ಎಷ್ಟೋ ಮೇಲು. ಒಂದೇ ಬಾರಿಗೆ ಸಲ್ಲುವ ಆ ಗುಪ್ತಸಂಖ್ಯೆಯಿದೆಯಲ್ಲ, ಒ.ಟಿ.ಪಿ., ಅದನ್ನು ಮಾತ್ರ ಫೋನಿನಲ್ಲಿ ಕೇಳಿದ ಯಾರಿಗೂ ಹೇಳತಕ್ಕದ್ದಲ್ಲ. ಬ್ಯಾಂಕಿನವರೆಂದು ಹೇಳಿಕೊಂಡರೂ ಸರಿ, ಕಾಲೇಜಿನವರೆಂದರೂ ಸರಿ. ಅಂಗಡಿಗೇ ಹೋಗಬೇಕಾಗಿ ಬಂದರೆ ಹೋಗಿ. ಆದರೆ ತುಂಬಿದ ಅರ್ಜಿಯನ್ನು ಸಲ್ಲಿಸುವ ಮೊದಲು ಪರದೆಯ ಮೇಲೆ ಒಮ್ಮೆ ಪೂರ್ತಿ ಓದುತ್ತೇನೆಂದು ಹೇಳಿ. ಹಿಂದಿನ ಸಾಲಿನವರು ಗೊಣಗಿದರೆ ಗೊಣಗಲಿ.

ಓದುವಾಗ ಮೊದಲು ನೋಡಬೇಕಾದದ್ದು ಹೆಸರು. ದಕ್ಷಿಣ ಕನ್ನಡದಲ್ಲಿ ಇದೊಂದು ದೊಡ್ಡ ಪುರಾಣ. ಊರಿನ ಹೆಸರೋ ಮನೆಯ ಹೆಸರೋ ತಂದೆಯ ಹೆಸರೋ ಮೊದಲಕ್ಷರವಾಗಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹಿಂದೆ ನಿಂತಿರುತ್ತದೆ, ಆಧಾರಿನಲ್ಲಿ ಮುಂದೆ ನಿಂತಿರುತ್ತದೆ, ಬ್ಯಾಂಕಿನಲ್ಲಿ ಬಿಡಿಸಿಕೊಂಡು ಪೂರ್ಣರೂಪದಲ್ಲಿ ಮಲಗಿರುತ್ತದೆ. ಮನುಷ್ಯರಾದ ಗುಮಾಸ್ತರು ಮೂರೂ ಒಬ್ಬರೇ ಎಂದು ಒಪ್ಪಿಕೊಳ್ಳುತ್ತಿದ್ದರು. ಯಂತ್ರಕ್ಕೆ ಆ ಔದಾರ್ಯವಿಲ್ಲ. ಒಂದು ಚುಕ್ಕಿ ಹೆಚ್ಚಾದರೂ ಅದು ಬೇರೆ ವ್ಯಕ್ತಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಲೇಸು. ಇದಕ್ಕೆ ವಾರಗಳೇ ಹಿಡಿಯುವುದರಿಂದ ಕಡೆಯ ದಿನದ ಹಿಂದಿನ ಸಂಜೆ ಆಗುವ ಕೆಲಸ ಇದಲ್ಲ.

ಇನ್ನು ಯಂತ್ರದ ವಿಷಯ. ನಮ್ಮ ಮಕ್ಕಳಿಗೆ ಮೊಬೈಲು ಚೆನ್ನಾಗಿ ಬರುತ್ತದೆ, ಆದ್ದರಿಂದ ಗಣಕವೂ ಬರುತ್ತದೆ ಎಂದು ನಾವು ಹಿರಿಯರು ತಪ್ಪು ತಿಳಿದಿದ್ದೇವೆ. ಆ ಹುಡುಗಿಯ ಹೆಬ್ಬೆರಳು ಮೊಬೈಲಿನ ಮೇಲೆ ಓಡುವ ವೇಗವನ್ನು ಕಂಡು ನನಗೆ ತಲೆಸುತ್ತು ಬಂದಿತ್ತು. ಆದರೆ ನನ್ನ ಹಳೆಯ ಗಣಕದ ಮುಂದೆ ಕೂರಿಸಿ, "ಒಂದು ಪುಟ ಬರೆದು ಉಳಿಸು" ಎಂದಾಗ, "ಎಲ್ಲಿ ಉಳಿಯುತ್ತದೆ ಸರ್?" ಎಂದು ಕೇಳಿದಳು. ತುಂಬ ಒಳ್ಳೆಯ ಪ್ರಶ್ನೆ ಅದು. ಮೊಬೈಲು ವಸ್ತುಗಳನ್ನು ಎಲ್ಲಿಟ್ಟಿದ್ದೇನೆಂದು ಹೇಳುವುದಿಲ್ಲ, ಕೇಳಿದಾಗ ತಂದುಕೊಡುತ್ತದೆ. ಗಣಕದಲ್ಲಿ ಕಡತಕ್ಕೊಂದು ಹೆಸರಿಡಬೇಕು, ಅದನ್ನೊಂದು ಕಪಾಟಿನೊಳಗೆ ಇಡಬೇಕು, ಎಲ್ಲಿಟ್ಟೆನೆಂದು ನೆನಪಿರಬೇಕು. ಅಧ್ಯಾಪಕನಾಗಿದ್ದ ಕೊನೆಯ ವರ್ಷಗಳಲ್ಲಿ ನನಗೆ ಬರುತ್ತಿದ್ದ ನಿಯೋಜಿತ ಬರಹಗಳೆಂದರೆ ಕೈಬರಹದ ಹಾಳೆಗಳ ಓರೆಕೋರೆ ಛಾಯಾಚಿತ್ರಗಳು; ಕೆಲವದರಲ್ಲಿ ಬರೆದವರ ಹೆಬ್ಬೆರಳೂ ಇರುತ್ತಿತ್ತು. ಹೆಸರಂತೂ ಇಲ್ಲ. ನಲವತ್ತು ಮಂದಿಯ ನಲವತ್ತು ಚಿತ್ರಗಳಲ್ಲಿ ಯಾರದು ಯಾವುದೆಂದು ಹುಡುಕುವುದರಲ್ಲಿಯೇ ಒಂದು ಭಾನುವಾರ ಕಳೆಯುತ್ತಿತ್ತು.

ಕನ್ನಡದಲ್ಲಿ ಬರೆಯುವುದು ಹೇಗೆ ಎಂಬಲ್ಲಿ ನಾನು ತುಸು ನಿಲ್ಲಬೇಕು, ಏಕೆಂದರೆ ಇದು ನಮ್ಮ ಜಿಲ್ಲೆಯ ಕಥೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್, ಎಂದರೆ ಎಲ್ಲರೂ ಬಲ್ಲ ಕೆ. ಪಿ. ರಾವ್, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳ ಮೇಲೆಯೇ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿದರು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ನಮ್ಮ ನಾಡಿನ ಹಿರಿಯ ಛಂದೋವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ರಾಜ್ಯ ಸರಕಾರ ಕನ್ನಡಕ್ಕೆ ಒಪ್ಪಿಕೊಂಡ ಕೀಲಿಮಣೆಯ ವಿನ್ಯಾಸ ಈ ಕ್ರಮವನ್ನೇ ಆಧರಿಸಿದ್ದು. ಅದರ ಜಾಣ್ಮೆ ನೋಡಿ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಅದರ ಮಹಾಪ್ರಾಣಕ್ಕೆ ಅದೇ ಕೀಲಿಯನ್ನು ಶಿಫ್ಟ್ ಒತ್ತಿ. ಒತ್ತಕ್ಷರ ಬೇಕೆಂದರೆ ನಡುವೆ 'ಎಫ್' ಎಂಬ ಕೀಲಿ. ಅದು ಹಿಂದಿನ ವ್ಯಂಜನದ ಅಕಾರವನ್ನು ಕಳಚಿ ಮುಂದಿನದಕ್ಕೆ ಕೊಂಡಿ ಹಾಕುತ್ತದೆ. 'ಆಲೆಟ್ಟಿ' ಎಂದು ಬರೆಯಲು ಶಿಫ್ಟ್ ಒತ್ತಿ ಎ, ಬಳಿಕ ಎಲ್, ಇ, ಕ್ಯೂ, ಎಫ್, ಕ್ಯೂ, ಐ: ಏಳು ಕೀಲಿ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸ್ವರ, ವ್ಯಂಜನಗಳನ್ನು ವಿಂಗಡಿಸಿದ ಪಾಠವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಬೆರಳ ತುದಿಯಲ್ಲಿ ಅದು ನನಗೆ ಅರ್ಥವಾದದ್ದು ಐವತ್ತು ದಾಟಿದ ಮೇಲೆ, ಈ ಕೀಲಿಮಣೆಯಿಂದ.

ಯಂತ್ರದೊಳಗೂ ಆ ಹೆಸರು ಏಳೇ ಸಂಕೇತಗಳಾಗಿ ಉಳಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಅದರ ಮೊದಲ ಆವೃತ್ತಿಯಿಂದಲೇ, ಎಂದರೆ 1991ರಿಂದಲೇ, ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹುಕಾಲ ನಮ್ಮ ಮುದ್ರಣಾಲಯಗಳೂ ಕಚೇರಿಗಳೂ ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಕೆಲಸ ಸಾಗಿಸಿದವು. ಇದರಿಂದ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. 2003ರಲ್ಲಿ ನನ್ನ ಉಪನ್ಯಾಸಗಳ ಮುನ್ನೂರು ಪುಟಗಳನ್ನು ಒಂದು ಕಡೆ ಬೆರಳಚ್ಚು ಮಾಡಿಸಿ ತಟ್ಟೆಯೊಂದರಲ್ಲಿ ಜೋಪಾನವಾಗಿಟ್ಟಿದ್ದೆ. ಹಸ್ತಪ್ರತಿ ಗೆದ್ದಲಿನ ಪಾಲಾಯಿತು. ಹೇಗೂ ತಟ್ಟೆಯಿದೆಯಲ್ಲ ಎಂದು ಚಿಂತಿಸಲಿಲ್ಲ. 2016ರಲ್ಲಿ ತೆರೆದು ನೋಡಿದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು! ಆದದ್ದೇನೆಂದರೆ, ಆ ಹಳೆಯ ಕ್ರಮದಲ್ಲಿ ಒಳಗಿರುತ್ತಿದ್ದುದು ರೋಮನ್ ಅಕ್ಷರದ ಸಂಕೇತವೇ. ಅದರ ಮೇಲೆ ಕನ್ನಡದ ವೇಷ ಕಟ್ಟಿರುತ್ತಿತ್ತು. ವೇಷದ ಪೆಟ್ಟಿಗೆ, ಎಂದರೆ ಆ ಅಕ್ಷರವಿನ್ಯಾಸ, ಗಣಕದಲ್ಲಿ ಇಲ್ಲದಿದ್ದರೆ ಚೌಕಿಯಿಂದ ವೇಷ ಕಟ್ಟದೆಯೇ ಹೊರಬಂದವನು ರಂಗಸ್ಥಳದಲ್ಲಿ ನಿಂತಂತೆ. ಪರಿವರ್ತಿಸುವ ತಂತ್ರಾಂಶ ಸಿಕ್ಕಿತು, ನಿಜ. ಆದರೆ ಅರ್ಕಾವತ್ತುಗಳೆಲ್ಲ ದಿಕ್ಕುತಪ್ಪಿದ್ದವು. ತಿದ್ದಲು ಮೂರು ತಿಂಗಳು ಹಿಡಿಯಿತು. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ ಎಂದು ನಾನು ಹೊಸಬರಿಗೆ ಹೇಳುವುದು ಈ ಮೂರು ತಿಂಗಳ ಅಧಿಕಾರದಿಂದ. ಹಾಗೆ ಬರೆದದ್ದನ್ನು ಹುಡುಕಬಹುದು, ಮೊಬೈಲಿನಲ್ಲಿಯೂ ಓದಬಹುದು, ಇಪ್ಪತ್ತು ವರ್ಷಗಳ ಬಳಿಕವೂ ಅದು ಕನ್ನಡವಾಗಿಯೇ ಇರುತ್ತದೆ.

ಗ್ರಂಥಾಲಯದ ಮಾತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಎಂಬ ಯೋಜನೆಯಿದೆ. ಅದಕ್ಕೆ ಸದಸ್ಯವಾದ ಪದವಿ ಕಾಲೇಜಿನ ವಿದ್ಯಾರ್ಥಿಗೆ ಸಾವಿರಾರು ವಿದ್ವತ್ ಪತ್ರಿಕೆಗಳೂ ಪುಸ್ತಕಗಳೂ ಮನೆಯಿಂದಲೇ ಓದಲು ಸಿಗುತ್ತವೆ. ಗ್ರಂಥಪಾಲಕರನ್ನು ಕೇಳಿ ಹೆಸರು ನೋಂದಾಯಿಸಿಕೊಳ್ಳಬೇಕು, ಅಷ್ಟೆ. ಅದೇ ಕೇಂದ್ರದ 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು ಯಾರಿಗೂ ತೆರೆದಿವೆ. ಕನ್ನಡದ ವಿದ್ಯಾರ್ಥಿಗಳಿಗೆ 'ವಚನ ಸಂಚಯ' ಎಂಬ ತಾಣವನ್ನು ನಾನು ಮೊದಲು ತೋರಿಸುತ್ತೇನೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಕಣ್ಣೆದುರು ಹರಡುತ್ತದೆ. ಹಿಂದೆ ಇಂಥ ಪದಸೂಚಿಗಾಗಿ ನಾವು ರಟ್ಟಿನ ಪೆಟ್ಟಿಗೆಗಳಲ್ಲಿ ಚೀಟಿ ತುಂಬಿಸುತ್ತ ವರ್ಷ ಕಳೆಯುತ್ತಿದ್ದೆವು. ಕನ್ನಡ ವಿಕಿಪೀಡಿಯವೂ 2003ರಿಂದ ಇದೆ; ಆದರೆ ಅಲ್ಲಿ ಓದಿದ್ದನ್ನು ಮೂಲಗ್ರಂಥದೊಂದಿಗೆ ಹೋಲಿಸದೆ ನನ್ನೆದುರು ಉದ್ಧರಿಸಿದವರಿಗೆ ನಾನು ಅಂಕ ಕಡಿಯುತ್ತಿದ್ದೆ.

ಆದರೆ ಓದಲು ನೆಟ್‌ವರ್ಕ್ ಬೇಕಲ್ಲ ಎಂದು ನಮ್ಮ ಹಳ್ಳಿಯವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. 2021ರ ಜೂನ್ ತಿಂಗಳಲ್ಲಿ ನಮ್ಮ ಸುಳ್ಯ ತಾಲೂಕಿನ ಬಳ್ಳಕ್ಕದ ರಸ್ತೆಬದಿಯಲ್ಲಿ, ಸುರಿವ ಮಳೆಯಲ್ಲಿ, ಮಗಳು ಮೊಬೈಲಿನ ಪಾಠ ಕೇಳುತ್ತ ಕುಳಿತಿದ್ದರೆ ತಂದೆ ಕೊಡೆ ಹಿಡಿದು ನಿಂತ ಚಿತ್ರವೊಂದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಚಿತ್ರವನ್ನು ಮೆಚ್ಚಿದವರು ಬಹಳ ಮಂದಿ. ನನಗೆ ಅದರಲ್ಲಿ ಕಂಡದ್ದು ತಂದೆಯ ವಾತ್ಸಲ್ಯಕ್ಕಿಂತ ಹೆಚ್ಚಾಗಿ ಮನೆಯೊಳಗೆ ಸಿಗದ ಒಂದು ಹಕ್ಕು. ಗುಡ್ಡ ತಪ್ಪಲುಗಳ ನಮ್ಮ ಊರುಗಳಲ್ಲಿ ಒಂದು ಮನೆಗೆ ಸಿಗುವ ಸಂಪರ್ಕ ಆಚೆ ದರೆಯ ಮನೆಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಗೋಪುರವೂ ಮೌನ. ಹೀಗಿರುವಾಗ ಒಂದು ಉಪಾಯವನ್ನು ರೂಢಿಸಿಕೊಳ್ಳಬೇಕು. ಕಾಲೇಜಿನಲ್ಲಿ ಸಂಪರ್ಕ ಇರುವ ಹೊತ್ತಿಗೆ ಬೇಕಾದ ಪುಟಗಳನ್ನು ಇಳಿಸಿಕೊಂಡು, ಮನೆಯಲ್ಲಿ ಸಂಪರ್ಕವಿಲ್ಲದೆಯೇ ಓದುವುದು. ಅರ್ಜಿಗಳನ್ನು ಬರೆದಿಟ್ಟುಕೊಂಡು ಪೇಟೆಗೆ ಬಂದಾಗ ಕಳುಹಿಸುವುದು. ಹಿಂದೆ ವಾರಕ್ಕೊಮ್ಮೆ ಸಂತೆಗೆ ಹೋಗುವಾಗ ಚೀಟಿ ಮಾಡಿಕೊಂಡು ಹೋಗುತ್ತಿದ್ದ ಹಾಗೆ.

ಕೊನೆಗೊಂದು ವಿಷಯ ಬಾಕಿಯಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೇಳಿದ ವಿಷಯದ ಮೇಲೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳು ಮಕ್ಕಳ ಕೈಗೆ ಸಿಕ್ಕಿವೆ. ನಾನೂ ಕುತೂಹಲದಿಂದ ಕೇಳಿ ನೋಡಿದೆ. ಭಾಷೆ ಶುದ್ಧ, ವಿನಯ ಅಪಾರ. ಆದರೆ ಎಲ್ಲಿಯೂ ಇಲ್ಲದ ಪುಸ್ತಕವೊಂದರ ಹೆಸರನ್ನು ಪ್ರಕಟಣೆಯ ವರ್ಷದೊಂದಿಗೆ ಹೇಳಿತು. ಅರ್ಥವಾಗದ ಪಾಠವನ್ನು ಇನ್ನೊಮ್ಮೆ ಸರಳವಾಗಿ ವಿವರಿಸೆಂದು ಅದನ್ನು ಕೇಳುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ನಾಚಿಕೆಯ ಸ್ವಭಾವದ ಮಕ್ಕಳಿಗೆ ಅದು ಉಪಕಾರವೇ. ಬರೆಯುವುದನ್ನೂ ಅದಕ್ಕೇ ವಹಿಸಿಬಿಟ್ಟರೆ ತಾಲೂಕು ಕಚೇರಿಯ ಮರದಡಿಯಲ್ಲಿ ಮತ್ತೊಬ್ಬನನ್ನು ಕೂರಿಸಿದ ಹಾಗಾಯಿತು. ಅವನಾದರೋ ಬರೆದದ್ದನ್ನು ಓದಿ ಹೇಳುತ್ತಿದ್ದ.

ಆ ಹುಡುಗಿ ಮುಂದಿನ ನಾಲ್ಕು ಭಾನುವಾರ ನಮ್ಮ ಮನೆಗೆ ಬಂದಳು. ತನ್ನದೇ ಇ-ಮೇಲ್ ವಿಳಾಸ ಮಾಡಿಕೊಂಡಳು. ಅವಳ ಗುಪ್ತಪದ ಏನೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಜನವರಿಯಲ್ಲಿ ಒಂದು ರಾತ್ರಿ ಅವಳ ಮೊದಲ ಪತ್ರ ಬಂತು, ಕನ್ನಡದಲ್ಲಿ. 'ಮಾನ್ಯ ಸರ್, ನನ್ನ ಪ್ರಬಂಧವನ್ನು ಇದರೊಂದಿಗೆ ಕಳುಹಿಸಿದ್ದೇನೆ, ದಯವಿಟ್ಟು ನೋಡಬೇಕು' ಎಂದಿತ್ತು. ಜತೆಗೆ ಪ್ರಬಂಧವಿರಲಿಲ್ಲ. ಎರಡು ನಿಮಿಷ ಬಿಟ್ಟು ಎರಡನೆಯ ಪತ್ರ, ಕ್ಷಮಾಪಣೆಯೊಂದಿಗೆ. ಈ ಬಾರಿ ಪ್ರಬಂಧವಿತ್ತು. ಕೆಳಗೆ ತನ್ನ ಹೆಸರು ಬರೆದು, ಊರು 'ಆಲೆಟಟಿ' ಎಂದು ಬರೆದಿದ್ದಳು. ನಡುವಿನ ಎಫ್ ಕೀಲಿ ಮರೆತಿತ್ತು. ಅದನ್ನು ನೆನಪಿಸಿ ಆಗಲೇ ಉತ್ತರ ಬರೆದೆ.